ಗುರುಗ್ರಹದ ಪಾಠ ವಾಪಸು ಪಡೆದವರು

ಅಕ್ಕ ತೀರಿಕೊಂಡ ಸುದ್ದಿ ಗದ್ವಾಲದಿಂದ ಬಂದ ಮರುದಿನ, ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಅವರ ಬಗ್ಗೆ ಮಾತಾಡಲು ನನಗೆ ಹೇಳಿದರು. ನಾನು ಕನ್ನಡದ ಟೀಚರ್, ಮಾತು ಬಲ್ಲವಳು ಎಂದು ಎಲ್ಲರ ನಂಬಿಕೆ. ವಿಜ್ಞಾನದ ಟೀಚರಾಗಿದ್ದ ಅವರನ್ನು ಅಕ್ಕ ಎಂದೇ ಕರೆಯುತ್ತ, ಅವರ ಪಕ್ಕದ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತವಳೂ ನಾನೇ. ಶಿಸ್ತಿನವರಾಗಿದ್ದರು, ಮಕ್ಕಳನ್ನು ಪ್ರೀತಿಸುತ್ತಿದ್ದರು, ವಿಜ್ಞಾನಕ್ಕೆ ಬದುಕನ್ನು ಮುಡಿಪಿಟ್ಟಿದ್ದರು ಎಂದು ಹೇಳಿ ಕೂತುಬಿಟ್ಟೆ. ಕೂತ ಮೇಲೆ ಬಾಯೆಲ್ಲ ಸಪ್ಪೆ ಎನಿಸಿತು. ಶಿಸ್ತಿನವರೇನೋ ಹೌದು, ಆದರೆ ಬಸ್ಸು ತಪ್ಪಿಸಿಕೊಳ್ಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಮಕ್ಕಳನ್ನು ಪ್ರೀತಿಸುತ್ತಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಹೊಡೆಯುತ್ತಿದ್ದದ್ದು ಗೊತ್ತು. ಇನ್ನು ವಿಜ್ಞಾನಕ್ಕೆ ಮುಡಿಪಾದವರು ಪ್ರತಿ ಗುರುವಾರ ಒಂದೇ ಹೊತ್ತು ಉಣ್ಣುವುದು ಯಾಕೆ?

ಅದನ್ನು ಒಮ್ಮೆ ಕೇಳಿಯೂ ಇದ್ದೆ. "ಯಾವ ದೇವರ ಸಲುವಾಗಿ ಅಕ್ಕ, ಈ ಗುರುವಾರ?"

"ನಮ್ಮವ್ವ ಮಾಡ್ತಿದ್ದಳು."

"ಆಕಿ ಯಾರ ಸಲುವಾಗಿ ಮಾಡ್ತಿದ್ದಳು?"

"ಆಕಿಗೂ ಗೊತ್ತಿದ್ದಿಲ್ಲ," ಎಂದು ಹೇಳಿ, ಹಸಿದ ಹೊಟ್ಟೆಯಲ್ಲೇ ಎಂಟನೇ ಕ್ಲಾಸಿಗೆ ನಡೆದರು.

ಅವರದು ತುಂಗಭದ್ರೆಯ ದಂಡೆಯ ರಾಜೋಳಿ ಕಡೆಯ ಕುರುಬರ ಮನೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಲೆಕ್ಕ ಮಾಡುವಾಗ ಮಾತ್ರ ತುಟಿ ತೆಲುಗಿನಲ್ಲೇ ಅಲ್ಲಾಡುತ್ತಿತ್ತು. ತಂದೆ ಕುರಿ ಕಾಯುತ್ತಿದ್ದವರು. "ನಮ್ಮಪ್ಪಗ ಕುರಿ ಕಳದ್ರೂ ಬೀರಪ್ಪ, ಸಿಕ್ಕರೂ ಬೀರಪ್ಪ. ಅವನಿಗೆ ಅನುಮಾನಾನ ಇರಲಿಲ್ಲ ನೋಡು," ಎಂದು ಹೇಳುವಾಗ ಅವರ ದನಿಯಲ್ಲಿ ಇದ್ದದ್ದು ನಗೆಯೋ ಹೊಟ್ಟೆಕಿಚ್ಚೋ ತಿಳಿಯುತ್ತಿರಲಿಲ್ಲ. ಮದುವೆಯಾಗಿ ಗದ್ವಾಲಕ್ಕೆ ಬಂದವರು. ಗಂಡ ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು, ನಾನು ಭಾವ ಎನ್ನುತ್ತಿದ್ದೆ. ಕೆಲಸ ಮಕ್ತಲ್ ಹತ್ತಿರದ ನಮ್ಮ ಕನ್ನಡ ಮಾಧ್ಯಮದ ಶಾಲೆಯಲ್ಲಾದ್ದರಿಂದ ಅಕ್ಕ ಮಕ್ತಲ್‌ನಲ್ಲಿ ಒಂದು ಕೋಣೆ ಹಿಡಿದಿದ್ದರು. ಶನಿವಾರ ಸಂಜೆ ಜುರಾಲ ಡ್ಯಾಮಿನ ಮೇಲೆ ಹಾದುಹೋಗುವ ಬಸ್ಸು ಹಿಡಿದು ಗದ್ವಾಲಕ್ಕೆ ಹೋಗಬೇಕು. ಹಿಡಿದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು.

ಎತ್ತರದ ಹೆಂಗಸು. ಡಸ್ಟರ್ ಎಂದೂ ಮುಟ್ಟಿದವರಲ್ಲ, ಅಂಗೈಯಿಂದಲೇ ಬೋರ್ಡು ಒರೆಸಿ ಅದೇ ಕೈಯನ್ನು ಸೊಂಟಕ್ಕಿಟ್ಟು ನಿಲ್ಲುವರು. ಹೀಗಾಗಿ ಯಾವ ಸೀರೆಯುಟ್ಟರೂ ಮಧ್ಯಾಹ್ನದ ಹೊತ್ತಿಗೆ ಎಡಸೊಂಟದ ಮೇಲೆ ಬಿಳಿಯ ಐದು ಬೆರಳು ಮೂಡಿರುತ್ತಿದ್ದವು. ಯಾರು ಏನೇ ಹೇಳಲಿ, "ಹೌದಾ? ಯಾರಂದ್ರು?" ಎನ್ನುವರು. ಚಹಾ ಆರಿತು ಅಕ್ಕ ಎಂದರೂ ಅದೇ.

ಆದರೆ ಕ್ಲಾಸಿನಲ್ಲಿ ಆ ಪ್ರಶ್ನೆಯನ್ನು ಬೇರೆ ಯಾರೂ ಕೇಳುವಂತಿರಲಿಲ್ಲ.

ಅವರ ಪಾಠಗಳಲ್ಲೆಲ್ಲ ಹೆಸರಾಗಿದ್ದದ್ದು ಗುರುಗ್ರಹದ ಪಾಠ. ಪುಸ್ತಕದಲ್ಲಿ ಅದು ನಾಲ್ಕೈದು ಸಾಲಿತ್ತಷ್ಟೆ. ಅಕ್ಕ ಅದನ್ನು ಪೇಟೆಗೆ ಮಾವಿನಹಣ್ಣು ಬರುವವರೆಗೆ ಮುಂದೂಡುತ್ತ ಹೋಗುವರು. ಹೆಡ್ ಮಾಸ್ತರು ಗೊಣಗುವರು, ಪರೀಕ್ಷೆ ಹತ್ತಿರ ಬರುವುದು. ಕಡೆಗೊಂದು ದಿನ ಅಕ್ಕ ಚೀಲದಲ್ಲಿ ಹಣ್ಣು ತುಂಬಿಕೊಂಡು ಬರುವರು. ಒಂದನ್ನು ಮಕ್ಕಳ ಎದುರು ಕೊಯ್ದು, "ಹೊರಗಿನ ಸಿಪ್ಪಿ ಅಂದ್ರ ಮೋಡ. ಒಳಗಿಂದೆಲ್ಲ ಅನಿಲ, ಅದ ಒತ್ತಡಕ್ಕ ರಸ ಆಗೈತಿ. ನಿಲ್ಲಾಕ ನೆಲ ಇಲ್ಲ. ನಟ್ಟನಡುವ ಏನೈತಿ?" ಎಂದು ಕೇಳುವರು. ಮಕ್ಕಳೆಲ್ಲ ಒಂದೇ ದನಿಯಲ್ಲಿ, "ಗೊರಟೆ!" ಎಂದು ಕೂಗುವರು. "ಹಾಂ. ಗಟ್ಟಿ ಕಲ್ಲು." ಆಮೇಲೆ ಎಲ್ಲರಿಗೂ ಒಂದೊಂದು ಹೋಳು. ಪಕ್ಕದ ಕೋಣೆಯಲ್ಲಿ ನಾನು ವ್ಯಾಕರಣ ಹೇಳುತ್ತಿದ್ದರೆ ನನ್ನ ಮಕ್ಕಳ ಮೂಗೆಲ್ಲ ಆ ಕಡೆಗೇ.

ಆ ಗ್ರಹದ ಹುಚ್ಚು ಅವರಿಗೆ ಹುಡುಗಿಯಾಗಿದ್ದಾಗಲೇ ಹತ್ತಿದ್ದು. ವಾಯೇಜರ್ ಎಂಬ ನೌಕೆಗಳು ಗುರುವಿನ ಪಕ್ಕದಿಂದ ಹಾದುಹೋಗುತ್ತ ಕಳಿಸಿದ ಚಿತ್ರ ಪತ್ರಿಕೆಯೊಂದರಲ್ಲಿ ಬಂದಿತ್ತಂತೆ. ಸಂತೆಗೆಂದು ಊರಿನಿಂದ ಬಂದಾಗ ಗದ್ವಾಲದ ವಾಚನಾಲಯದಲ್ಲಿ ಅದನ್ನು ತಂದೆಗೆ ತೋರಿಸಿದಳು ಹುಡುಗಿ. ಸುತ್ತಲೂ ಕಂದು, ಬಿಳಿ ಪಟ್ಟೆಗಳು, ಒಂದು ಕಡೆ ದೊಡ್ಡ ಕೆಂಪು ಮಚ್ಚೆ. ತಂದೆ ಕಣ್ಣು ಕಿರಿದು ಮಾಡಿ ನೋಡಿ, "ಇದಕ್ಕ ಕಣ್ಣುಬ್ಯಾನಿ ಬಂದೈತಿ," ಅಂದರಂತೆ. ಅದು ಕಣ್ಣಲ್ಲ, ನಮ್ಮ ಭೂಮಿಯನ್ನೇ ನುಂಗಬಲ್ಲ ಬಿರುಗಾಳಿ ಎಂದು ಓದಿ ಹೇಳಿದರೆ ಅವರು ನಂಬಲಿಲ್ಲ. ಅದೇ ನೌಕೆಗಳು ಗುರುವಿಗೂ ತೆಳ್ಳಗೊಂದು ಉಂಗುರವಿದೆ ಎಂದು ತೋರಿಸಿದ್ದವು. ಅದರ ಚಂದ್ರನೊಂದರ ಮೇಲೆ ಬೆಂಕಿಯ ಬೆಟ್ಟಗಳು ಉಗುಳುವುದನ್ನೂ ತೋರಿಸಿದ್ದವು. ಇದನ್ನೆಲ್ಲ ಅಕ್ಕ ನನಗೆ ಹೇಳುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ. ಅಷ್ಟರಲ್ಲಿ ಬಸ್ಸು ಹೋಗಿಬಿಟ್ಟಿರುತ್ತಿತ್ತು.

ಮುಂದೆ ಇನ್ನೊಂದು ನೌಕೆ ಹೋಗಿ ಗುರುವಿನ ಮೋಡದೊಳಕ್ಕೆ ಒಂದು ಉಪಕರಣವನ್ನು ಇಳಿಬಿಟ್ಟಿತು. ಅದು ತಾಸಿನಷ್ಟು ಹೊತ್ತು ಸುದ್ದಿ ಕಳಿಸಿ, ಶಾಖ ಒತ್ತಡಗಳಿಗೆ ಸಿಕ್ಕು ಸುಮ್ಮನಾಯಿತು. ಇದನ್ನು ಹೇಳುವಾಗ ಅಕ್ಕನ ದನಿ ಪ್ರತಿಸಲವೂ ಇಳಿಯುತ್ತಿತ್ತು. "ನೀರು ಸಿಗ್ತೈತಿ ಅಂತ ಭಾಳ ಆಸೆ ಇಟ್ಟಿದ್ರು. ಅಂದಕೊಂಡಷ್ಟು ಸಿಗಲಿಲ್ಲ. ಯಾಕಂದ್ರ ಅದು ಬಿದ್ದ ಜಾಗಾನ ಒಣ ಜಾಗ." ಅಂಥ ದೊಡ್ಡ ಗ್ರಹದಲ್ಲಿ ಒಣ ಜಾಗಕ್ಕೇ ಹೋಗಿ ಬೀಳುವುದೆಂದರೆ ನಮ್ಮ ಜಿಲ್ಲೆಯ ನಸೀಬು ಇದ್ದಂತೆಯೇ ಎಂದು ನಗುವರು.

ನಾರಾಯಣಪೇಟೆಯಲ್ಲಿ ಒಮ್ಮೆ ಶಿಕ್ಷಕರ ತರಬೇತಿ ನಡೆಯಿತು. ನನ್ನ ತವರು ಅದೇ ಊರಾದ್ದರಿಂದ ಅಕ್ಕ ನಮ್ಮ ಮನೆಯಲ್ಲೇ ಇಳಿದರು. ಹೈದರಾಬಾದಿನಿಂದ ಬಂದ ಉಪನ್ಯಾಸಕರೊಬ್ಬರು ಪರದೆಯ ಮೇಲೆ ಗುರುವಿನ ಹೊಸ ಚಿತ್ರಗಳನ್ನು ತೋರಿಸಿದರು. ಜುನೋ ಎಂಬ ನೌಕೆ ಕಳಿಸಿದ್ದು. ಗುರು ತನ್ನ ಕಳ್ಳಾಟ ಮುಚ್ಚಲು ಮೋಡ ಹೊದ್ದುಕೊಂಡನಂತೆ, ಹೆಂಡತಿ ಜುನೋ ಮೋಡದ ಆಚೆಯೂ ಕಂಡುಬಿಟ್ಟಳಂತೆ. ಯಾವುದೋ ದೇಶದ ಪುರಾಣ, ಅದಕ್ಕೇ ಆ ಹೆಸರು. ಅಕ್ಕ ನನ್ನ ಕಿವಿಯಲ್ಲಿ, "ಒಳ್ಳೆ ಹೆಸರಿಟ್ಟಾರ," ಅಂದರು. ಧ್ರುವದ ಚಿತ್ರ ಬಂದಾಗ ಕೋಣೆಯ ತುಂಬ ಗದ್ದಲ. ಅಲ್ಲಿ ಪಟ್ಟೆಗಳಿರಲಿಲ್ಲ. ನಡುವೆ ಒಂದು ಸುಂಟರಗಾಳಿ, ಅದರ ಸುತ್ತ ಎಂಟು ಸುಂಟರಗಾಳಿಗಳು ಒಂದನ್ನೊಂದು ಒತ್ತಿಕೊಂಡು ನಿಂತಿದ್ದವು. ಅವು ಯಾಕೆ ಒಂದರೊಳಗೊಂದು ಬೆರೆಯದೆ ಹಾಗೆ ನಿಂತಿವೆಯೆಂದು ಪೂರ್ತಿ ತಿಳಿದಿಲ್ಲ ಎಂದರು ಆ ಉಪನ್ಯಾಸಕರು.

ಆಮೇಲೆ ಗ್ರಹವನ್ನು ಅಡ್ಡಕ್ಕೆ ಕೊಯ್ದಂತೆ ಒಂದು ಚಿತ್ರ ಬಂತು. ನಡುವೆ ಗೊರಟೆಯಿರಲಿಲ್ಲ. ಕಲಸಿದ ಬಣ್ಣದಂಥ ಏನೋ ಇತ್ತು.

ಅಕ್ಕ ಎದ್ದು ನಿಂತರು. "ಸಾರ್, ನಡುವಿನ ಕಲ್ಲು ಎಲ್ಲಿ?"

"ಗಟ್ಟಿ ರಾಯಿ ಅನುಕುನ್ನಾಂ ಮೇಡಂ. ಕಾನಿ ಅಲಾ ಲೇದು," ಎಂದರು ಅವರು. ಗಟ್ಟಿ ಕಲ್ಲು ಅಂದುಕೊಂಡಿದ್ದೆವು, ಹಾಗಿಲ್ಲ. ನೌಕೆ ಹತ್ತಿರ ಸುಳಿದಾಗ ಗ್ರಹದ ಎಳೆತಕ್ಕೆ ಅದರ ವೇಗ ಕೂದಲೆಳೆಯಷ್ಟು ಏರಿಳಿಯುತ್ತದೆ, ಅದನ್ನು ಅಳೆದು ಒಳಗಿನ ಭಾರ ಎಲ್ಲೆಲ್ಲಿದೆ ಎಂದು ಲೆಕ್ಕ ಹಾಕಿದ್ದಾರೆ ಎಂದು ವಿವರಿಸಿದರು. ಭಾರವೆಲ್ಲ ಒಂದು ಮುದ್ದೆಯಾಗಿ ನಡುವೆ ಕೂತಿಲ್ಲ, ಕರಗಿ, ಹರಡಿ, ಗ್ರಹದ ಅರ್ಧದವರೆಗೂ ಬೆರೆತುಕೊಂಡಂತಿದೆ. ಇಲ್ಲಿಗೆ ತಿರುಳು ಮುಗಿಯಿತು, ಇಲ್ಲಿಂದ ಹೊರಗಿನದು ಶುರು ಎನ್ನುವ ಗೆರೆಯೇ ಇಲ್ಲ. ಹುಟ್ಟಿದ ಹೊಸದರಲ್ಲಿ ಏನೋ ದೊಡ್ಡದು ಬಂದು ಗುದ್ದಿ ಹಾಗಾಯಿತೋ, ಮೊದಲಿನಿಂದಲೂ ಹಾಗೆಯೇ ಬೆಳೆಯಿತೋ, ಅದರಲ್ಲೂ ಒಮ್ಮತವಿಲ್ಲ.

"ಹಂಗಾದ್ರ ನಾವು ಇಷ್ಟು ವರ್ಷ ಹೇಳಿದ್ದು?"

ಅವರು ನಕ್ಕರು. "ಸಿಲಬಸ್ ಪ್ರಕಾರಂ ಚೆಪ್ಪಂಡಿ ಮೇಡಂ." ಸಿಲಬಸ್ಸಿನಂತೆ ಹೇಳಿ ಎಂದು. ಎಲ್ಲರೂ ನಕ್ಕರು. ಅಕ್ಕ ಕೂರುವುದನ್ನು ಮರೆತು ನಿಂತೇ ಇದ್ದರು. ನಾನು ಸೆರಗು ಜಗ್ಗಿ ಕೂರಿಸಿದೆ.

ಮಕ್ತಲ್‌ಗೆ ಮರಳುವ ಬಸ್ಸು ಹಿಡಿದೆವು. ಸಂಜೆಯಾಗಿತ್ತು, ಕಿಟಕಿಯಾಚೆ ಒಂದು ಚುಕ್ಕೆ ಝಗಝಗ ಹೊಳೆಯುತ್ತಿತ್ತು. ಮಾತಿಗೆ ಎಳೆಯಲೆಂದು, "ಅದ ಏನಕ್ಕ ನಿಮ್ಮ ಗುರು?" ಎಂದೆ.

ಬಗ್ಗಿ ನೋಡಿದರು. "ಹೂಂ." ಇನ್ನೊಮ್ಮೆ ಬಗ್ಗಿ, "ಶುಕ್ರ ಇದ್ದರೂ ಇರಬಹುದು," ಎಂದರು.

ಅವರ ಬಾಯಲ್ಲಿ 'ಇರಬಹುದು' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅವರಿಗೂ ಅದು ಕೇಳಿಸಿರಬೇಕು. "ಹಳೇ ಪುಸ್ತಕದಾಗ ಹಂಗ ಇತ್ತು ನೋಡು. 'ನಡುವೆ ಘನವಾದ ತಿರುಳು ಇರಬಹುದು.' ಇರಬಹುದು ಅಂದ್ರ ಹುಡುಗ್ರು ಗದ್ದಲ ಮಾಡ್ತಾವು. ಅದಕ್ಕ ನಾ ಐತಿ ಅಂದುಬಿಟ್ಟೆ. ಎಲ್ಲಾರಿಗೂ ಐತಿ ಅಂದೆ," ಎಂದರು. ನಾನು ಕನ್ನಡದವಳು. ಒಂದು ಕ್ರಿಯಾಪದಕ್ಕೆ ಒಬ್ಬರು ಇಷ್ಟು ಸಂಕಟಪಡುವುದನ್ನು ಅವತ್ತಿನವರೆಗೆ ನೋಡಿರಲಿಲ್ಲ.

ಮರುದಿನ ಕ್ಲಾಸಿಗೆ ಹೋಗಿ, "ಗುರುಗ್ರಹದ ಪಾಠ ವಾಪಸು ತಗೊಂಡೀನಿ," ಎಂದರಂತೆ. ಗೊರಟೆ ಹೋಗಿ ಗಂಜಿ ಬಂತು. ಬಿಸಿ ಗಂಜಿಯಲ್ಲಿ ಹಾಕಿದ ಬೆಲ್ಲದ ಹೆಂಟೆ ಅರ್ಧ ಕರಗಿದಾಗ ಹೇಗಿರುತ್ತದೋ ಹಾಗೆ ಎಂದು ಹೇಳಿಕೊಟ್ಟರು. ಹುಡುಗಿಯೊಬ್ಬಳು ಎದ್ದು, ಪರೀಕ್ಷೆಯಲ್ಲಿ ಕಲ್ಲು ಬರೆಯಬೇಕೋ ಬೆಲ್ಲ ಬರೆಯಬೇಕೋ ಎಂದು ಕೇಳಿದಳು. ಅಕ್ಕ ಬೋರ್ಡಿನ ಕಡೆ ತಿರುಗಿ, "ಪುಸ್ತಕದಾಗಿದ್ದಂಗ ಬರೀರಿ," ಎಂದರು. ಅಂಗೈಯಿಂದ ಬೋರ್ಡು ಒರೆಸಿ, "ಬ್ಯಾಡ, ಬರೀಬ್ಯಾಡ್ರಿ," ಎಂದರು. ಗಂಟೆ ಹೊಡೆಯಿತು. ಹೆಡ್ ಮಾಸ್ತರು ನನ್ನನ್ನು ಕರೆದು, "ಮಕ್ಕಳನ್ನ ಪರೇಶಾನ್ ಮಾಡಬ್ಯಾಡ ಅಂತ ನಿಮ್ಮಕ್ಕಗ ಜರಾ ಹೇಳ್ರಿ," ಎಂದರು. ನಾನು ಹೇಳಲಿಲ್ಲ. ಹೇಳಿದ್ದರೆ "ಯಾರಂದ್ರು?" ಎನ್ನುತ್ತಿದ್ದರು.

ಆಮೇಲೆ ಶುರುವಾದದ್ದು ನನಗೆ ಇವತ್ತಿಗೂ ಬಿಡಿಸಲಾಗದ ಒಗಟು. ರಜೆಯ ದಿನ ಬಂದರೆ ಅಕ್ಕ ಹಳೆಯ ವಿದ್ಯಾರ್ಥಿಗಳ ಮನೆ ಹುಡುಕಿಕೊಂಡು ಹೊರಡುವರು. ಹೋಗಿ ಹೇಳುವುದಿಷ್ಟೇ: ನಾನು ಹೇಳಿಕೊಟ್ಟದ್ದು ತಪ್ಪಾಗಿತ್ತು, ಗುರುಗ್ರಹದ ನಡುವೆ ಗಟ್ಟಿ ಕಲ್ಲಿಲ್ಲ. ಕೆಲವು ಸಲ ನಾನೂ ಹೋದೆ. ನಾಚಿಕೆಯಾಗುತ್ತಿತ್ತು, ಬಿಟ್ಟಿರಲೂ ಆಗುತ್ತಿರಲಿಲ್ಲ.

ಮಕ್ತಲ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು ಕುರ್ಚಿ ಒರೆಸಿ ಕೊಟ್ಟು ಸೋಡಾ ತರಿಸಿದ. ಅಕ್ಕ ಹೇಳಿದ್ದನ್ನೆಲ್ಲ ಕೇಳಿ, "ಕಲ್ಲು ನೆನಪಿಲ್ರೀ ಟೀಚರ್. ಮಾವಿನಹಣ್ಣು ಕೊಟ್ಟಿದ್ರಿ, ಅದು ನೆನಪೈತಿ. ಭಾಳ ಸೀ ಇತ್ತು," ಎಂದ. ಅಕ್ಕನ ಮುಖ ಬಾಡಿತು. ತಪ್ಪು ಹೇಳಿದ್ದಕ್ಕಿಂತ ಅದು ಯಾರಿಗೂ ನೆನಪೇ ಇಲ್ಲದಿರುವುದು ಅವರಿಗೆ ದೊಡ್ಡ ಪೆಟ್ಟಾದಂತಿತ್ತು.

ನಾರಾಯಣಪೇಟೆಯಲ್ಲಿ ಸೀರೆ ನೇಯುವ ಮನೆಗೆ ಸೊಸೆಯಾಗಿ ಹೋದವಳೊಬ್ಬಳಿಗೆ ಮಾತ್ರ ನೆನಪಿತ್ತು. ಮಗ್ಗದಿಂದ ಏಳದೆಯೇ ನಕ್ಕಳು. "ಗುರುಬಲ ಬರಲಿ, ಗುರುಬಲ ಬರಲಿ ಅಂತ ನನ್ನ ಲಗ್ನ ಮುಂದಕ್ಕ ಹಾಕಿದ್ದೇ ಹಾಕಿದ್ದು. ಈಗ ನೀವು ಬಂದು ಅದರೊಳಗ ಗಟ್ಟಿ ಏನೂ ಇಲ್ಲ ಅಂತೀರಲ್ಲ ಟೀಚರ್!" ನಗು ನಿಂತ ಮೇಲೆ ಕೇಳಿದಳು: "ಈಗ ಹೇಳಿದ್ದಾದ್ರೂ ಖರೆ ಏನ್ರೀ?"

"ಈಗಿನ ಮಟ್ಟಿಗೆ ಖರೆ."

"ಮುಂದ ಇದೂ ತಪ್ಪಾದ್ರ?"

"ಮತ್ತ ಬರ್ತೀನಿ," ಎಂದರು ಅಕ್ಕ. ತಮಾಷೆಗೆ ಅಂದದ್ದಲ್ಲ.

ಐಜದಲ್ಲಿ ಟೆಂಟ್‌ಹೌಸ್ ನಡೆಸುತ್ತಿದ್ದವನನ್ನು ನೋಡಲು ಹೋದದ್ದು ಬೇಸಿಗೆಯಲ್ಲಿ. ಹೆಂಡತಿಯ ಊರೆಂದು ಅಲ್ಲಿ ನೆಲೆಸಿದ್ದ. ನಲವತ್ತರ ಆಸುಪಾಸಿನ ದಪ್ಪನೆಯ ಆಳು. ಕುರ್ಚಿಗಳ ರಾಶಿ, ಸುತ್ತಿಟ್ಟ ಶಾಮಿಯಾನ ಬಟ್ಟೆಗಳ ನಡುವೆ ಕೂತಿದ್ದವನು ಅಕ್ಕನನ್ನು ಕಂಡು ಎದ್ದ, ಆದರೆ ಕೈ ಮುಗಿಯಲಿಲ್ಲ. ಅಕ್ಕ ತಮ್ಮ ಮಾತು ಮುಗಿಸಿದರು.

"ಇದನ್ನ ಹೇಳಾಕ ಬಂದ್ರೇನ್ರೀ?"

"ಹೌದಪ್ಪ."

"ನನ್ನ ಹೊಡದದ್ದಕ್ಕ ಬಂದಿಲ್ಲ?"

ಅಕ್ಕ ಅವನ ಮುಖ ನೋಡಿದರು. ಅವರಿಗೆ ನೆನಪಾಗಲಿಲ್ಲ ಎಂದು ನನಗೆ ಗೊತ್ತಾಯಿತು.

"ನಡುವ ಕಲ್ಲು ಐತಿ ಅಂದ್ರಿ. ಯಾರು ಒಳಗ ಹೋಗಿ ನೋಡ್ಯಾರ ಟೀಚರ್ ಅಂದೆ. ಎದ್ದು ನಿಲ್ಲು ಅಂದ್ರಿ. ನಿಂತು ಮತ್ತ ಅದನ್ನ ಕೇಳಿದೆ. ಕಪಾಳಕ್ಕ ಬಿತ್ತು. ಅವತ್ತ ಹೊರಗ ಹೋದಾಂವ ಮತ್ತ ನಿಮ್ಮ ಶಾಲಿ ಮೆಟ್ಟಿಲು ಹತ್ತಿಲ್ಲ."

"ನನಗ ನೆನಪಿಲ್ಲಪ್ಪ."

"ನನಗ ಐತಿ."

ಅಕ್ಕ ನಿಂತಲ್ಲೇ ಕೈಯನ್ನು ಸೊಂಟಕ್ಕೆ ಒಯ್ದು, ಮತ್ತೆ ಕೆಳಗಿಳಿಸಿದರು. ಕ್ಷಮೆ ಕೇಳುತ್ತಾರೆಂದು ನಾನು ಕಾದೆ. ಅವರು ಕೇಳಿದ್ದು ಬೇರೆ: "ಎಷ್ಟನೇ ಕ್ಲಾಸಿಗೆ ಬಿಟ್ಟಿ?"

"ಎಂಟು."

"ಹತ್ತನೇದು ಕಟ್ಟು. ನಾ ಹೇಳಿಕೊಡ್ತೀನಿ."

ಅವನು ನಕ್ಕುಬಿಟ್ಟ. ಒಳ್ಳೆಯ ನಗೆಯಲ್ಲ.

ಮಕ್ತಲ್‌ಗೆ ಬಂದ ಮೇಲೆ ನಾನು ಮೊಬೈಲ್ ಅಂಗಡಿಯವನನ್ನು ವಿಚಾರಿಸಿದೆ. ಇಬ್ಬರೂ ಒಂದೇ ಕ್ಲಾಸಿನವರು. "ಅವನಾ? ಅವರಪ್ಪ ಮನೀಮಂದೀನೆಲ್ಲ ಕರಕೊಂಡು ದುಡಿಯಾಕ ಬೊಂಬಾಯಿಗೆ ಹೋದ್ರೀ, ಅದಕ್ಕ ಶಾಲಿ ಬಿಟ್ಟ. ಹೊಡತ ಬಿದ್ದದ್ದು ಹೌದು. ಕಿಟಕಿ ಗಾಜು ಒಡದಿದ್ದ, ಅದಕ್ಕ," ಎಂದ. ಓಡಿಹೋಗಿ ಅಕ್ಕನಿಗೆ ಹೇಳಿದೆ. ಅವರ ಎದೆಯ ಭಾರ ಇಳಿಯುತ್ತದೆಂದು ನನ್ನ ಎಣಿಕೆ.

"ಅವನು ಸುಳ್ಳು ಹೇಳಿರಬಹುದು ಅಕ್ಕ."

"ಹೇಳಿರಬಹುದು."

"ಮತ್ತ?"

"ನಾ ಹೊಡದಿರಬಹುದು."

ಮುಂದಿನ ಭಾನುವಾರ ಐಜಕ್ಕೆ ಹೋದರು. ಅವನು ಅಂಗಡಿಯಲ್ಲಿರಲಿಲ್ಲ. ಅದರ ಮುಂದಿನ ಭಾನುವಾರವೂ ಹೋದರು. ಅವನಿದ್ದ, ಮಾತಾಡಲಿಲ್ಲ. ಭಾವ ನನಗೆ ಫೋನು ಮಾಡಿ, "ವಾರಕ್ಕೊಂದ ದಿನ ಮನೀಗೆ ಬರಾಕಿ, ಅದನ್ನೂ ಆ ಟೆಂಟಿನಾಂವಗ ಕೊಟ್ಟಾಳ. ನಿಮಗೇನರ ತಿಳೀತೈತೇನ್ರೀ?" ಎಂದರು. ಒಮ್ಮೆ ಅಕ್ಕನಿಗೇ ಕೇಳಿದೆ, ಪಾಪ ಕಳೆದುಕೊಳ್ಳಲೆಂದು ಹೋಗುತ್ತೀರಾ ಎಂದು. "ಗೊತ್ತಿಲ್ಲವ್ವ. ಹೋಗಲಿಲ್ಲ ಅಂದ್ರ ಕಸಿವಿಸಿ ಆಗ್ತೈತಿ. ಹೋದ್ರೂ ಆಗ್ತೈತಿ," ಎಂದರು.

ಅದ್ಯಾವ ಭಾನುವಾರ ಅವನು ಪುಸ್ತಕ ತೆರೆದನೋ ನನಗೆ ತಿಳಿಯದು. ಮುಂದೊಮ್ಮೆ ಮದುವೆಗೆಂದು ಐಜಕ್ಕೆ ಹೋದವಳು ಅಂಗಡಿಗೆ ಇಣುಕಿದಾಗ ಪಾಠ ನಡೆದಿತ್ತು. ಅಕ್ಕ ಶಾಮಿಯಾನದ ಸುರುಳಿಯ ಮೇಲೆ, ಅವನು ನೆಲದ ಮೇಲೆ. ಮೆತ್ತಗಾಗಿರುತ್ತಾರೆ ಎಂದುಕೊಂಡಿದ್ದೆ. ಇಲ್ಲ. "ಇದು ಅಕ್ಷರಾನ? ಕೋಳಿ ಕೆದರಿದಂಗೈತಿ," ಎಂದು ಬೈಯುತ್ತಿದ್ದರು. ನೌಕೆ ಒಳಗೆ ಹೋಗದೆಯೇ ಒಳಗಿನದು ಹೇಗೆ ತಿಳಿಯುತ್ತದೆ ಎಂದು ಅವನಿಗೆ ಹಟ. ಎಳೆತದ ಮಾತನ್ನು ಅಕ್ಕ ಮತ್ತೆ ಮತ್ತೆ ಹೇಳಿದರು. ಅವನು ತಲೆ ಕೆರೆದುಕೊಂಡು, "ಮಳ್ಯಾಗ ಶಾಮಿಯಾನದ ಮ್ಯಾಲ ನೀರು ನಿಂತ್ರ ಹಗ್ಗ ಹಿಡದಾಗ ಕೈಗೆ ಗೊತ್ತಾಗ್ತೈತಿ. ಹಂಗೇನ್ರೀ?" ಎಂದ.

"ಹಂಗೂ ಅನ್ನಬಹುದು." ಅಕ್ಕ ಯೋಚಿಸಿದರು. "ಪೂರಾ ಹಂಗಲ್ಲ."

"ಆ ಕೆಂಪು ಮಚ್ಚಿ ಎಷ್ಟು ಆಳ ಐತ್ರೀ?"

"ಅದನ್ನೂ ಜುನೋ ಅಳದೈತಿ. ನೂರಾರು ಕಿಲೋಮೀಟರು. ಆದ್ರ ಅಗಲ ಸಣ್ಣದಾಗಕೋತ ಬಂದೈತಿ. ನಾ ಸಣ್ಣಾಕಿ ಇದ್ದಾಗ ಇದ್ದಷ್ಟು ಈಗಿಲ್ಲ."

"ಯಾಕ?"

"ಗೊತ್ತಿಲ್ಲ."

ಅವನು ಸುಮ್ಮನಾಗಲಿಲ್ಲ, ಇನ್ನೊಂದು ಕೇಳಿದ. ಅದಕ್ಕೂ ಗೊತ್ತಿಲ್ಲ ಎಂದರು. ನಮ್ಮ ಶಾಲೆಯ ಗೋಡೆಗಳ ನಡುವೆ ಆ ಮಾತನ್ನು ಅವರು ಅಷ್ಟು ಸಲೀಸಾಗಿ ಅಂದದ್ದು ನಾನು ಕೇಳಿರಲಿಲ್ಲ. ಇಲ್ಲಿ ಮಾತ್ರ ಯಾಕೆ ಬಂತು? ಅವನು ದೊಡ್ಡವನೆಂದೇ, ಹೊಡೆಯಲಾರರೆಂದೇ, ಅಥವಾ ಅವನಿಗೆ ಉತ್ತರಕ್ಕಿಂತ ಕೇಳುವುದೇ ಬೇಕಾಗಿತ್ತೆಂದೇ? ಮದುವೆಯೂಟ ತಪ್ಪೀತೆಂದು ನಾನು ಎದ್ದು ಬಂದೆ.

ಓಪನ್ ಸ್ಕೂಲಿನ ಪರೀಕ್ಷೆ ಕಟ್ಟಿದ. ಕನ್ನಡ, ಲೆಕ್ಕ, ಎಲ್ಲದರಲ್ಲೂ ಪಾಸು. ವಿಜ್ಞಾನದಲ್ಲಿ ಫೇಲು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಅಕ್ಕ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಬಂದು, "ಮತ್ತ ಕಟ್ಟಸ್ತೀನಿ," ಎಂದಷ್ಟೇ ಹೇಳಿದರು. ಅದೇ ವರ್ಷ ಅವರು ರಿಟೈರಾದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿಕೊಂಡದ್ದೇ ಬಸ್ಸು ಹಿಡಿಯಲು ಹೊರಟರು. ಆಮೇಲೆ ಗದ್ವಾಲದ ಮನೆಯಿಂದಲೇ ಐಜಕ್ಕೆ ಹೋಗಿಬರುತ್ತಿದ್ದರು. ಎರಡನೆಯ ಸಲ ಅವನು ಪಾಸಾದ. ಫೋನಿನಲ್ಲಿ ಅಕ್ಕನ ದನಿ ಎಂದಿನಂತೆಯೇ ಇತ್ತು. "ಪಾಸಾದ. ಇನ್ನ ಭಾನುವಾರ ಏನ್ ಮಾಡಬೇಕೋ ತಿಳೀವಲ್ದು," ಎಂದರು.

ಅದಾಗಿ ಬಹಳ ಕಾಲ ಉಳಿಯಲಿಲ್ಲ. ಸಕ್ಕರೆ ಕಾಯಿಲೆ ಮೊದಲಿಂದಲೂ ಇತ್ತು. ಕಡೆಗೆ ಎದೆಗೂ ಹತ್ತಿತು.

ಶಾಲೆಯಲ್ಲಿ ಆ ಸಪ್ಪೆ ಮಾತಾಡಿದ ಬಳಿಕ ನಾನು ಗದ್ವಾಲಕ್ಕೆ ಹೋದೆ. ಮನೆಯ ಮುಂದೆ ರಸ್ತೆಯ ಅಗಲಕ್ಕೂ ಶಾಮಿಯಾನ ಹಾಕಿತ್ತು, ಕೆಳಗೆ ಕುರ್ಚಿಗಳ ಸಾಲು. ಐಜದಿಂದ ಅವನೇ ತಂದು ಹಾಕಿದ್ದ. ಭಾವ ಒಂದು ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಕಂಡು, "ಆ ಗ್ರಹದ ಮಾತು ದಿನಾ ಆಡ್ತಿದ್ದಳ್ರೀ. ಕೇಳಿ ಕೇಳಿ ಸಾಕಾಗಿತ್ತು. ಒಂದೂ ತಲಿಗೆ ಹೋಗಲಿಲ್ಲ," ಎಂದರು. ಪಕ್ಕದ ಕುರ್ಚಿಯನ್ನು ನನ್ನ ಕಡೆ ಸರಿಸಿ, "ನಿಮಗರ ತಿಳದಿತ್ತೇನು?" ಎಂದು ಕೇಳಿದರು. ನಾನು ತಲೆಯಾಡಿಸಿದೆ. ಹೌದೆಂದೋ ಇಲ್ಲವೆಂದೋ ಅವರಿಗೆ ತಿಳಿದಿರಲಾರದು, ನನಗೂ ತಿಳಿದಿರಲಿಲ್ಲ.

ಮಧ್ಯಾಹ್ನ ಬಂದವರೆಲ್ಲ ಹೋದ ಮೇಲೆ ಟೆಂಟ್‌ಹೌಸಿನವನ ಹತ್ತಿರ ಹೋಗಿ ನಿಂತೆ. ಇಷ್ಟು ದಿನ ನುಂಗಿಕೊಂಡದ್ದನ್ನು ಕೇಳಿಯೇಬಿಟ್ಟೆ.

"ನಿಜ ಹೇಳಪ್ಪ. ಅವತ್ತ ಕ್ಲಾಸಿನ್ಯಾಗ ಆ ಪ್ರಶ್ನೆ ಕೇಳಿದ್ದೇನು?"

ಅವನು ನನ್ನನ್ನು ನೋಡಲಿಲ್ಲ. "ಕೇಳಿದ್ದೆ ಅಂತ ಅನಿಸ್ತೈತ್ರೀ ಮೇಡಂ. ಗಾಜು ಒಡದದ್ದೂ ನೆನಪೈತಿ. ಎರಡೂ ಒಂದ ದಿನಾನೋ ಬ್ಯಾರೆ ಬ್ಯಾರೆ ದಿನಾನೋ, ಖರೇನ ಗೊತ್ತಿಲ್ಲ. ಅವತ್ತ ಅವರು ಅಂಗಡಿಗೆ ಬಂದಾಗ ಸಿಟ್ಟಿತ್ತು. ಬಾಯಿಗೆ ಬಂತು, ಅಂದುಬಿಟ್ಟೆ."

"ಅವರಿಗೆ ಇದನ್ನ ಹೇಳಲೇ ಇಲ್ಲ?"

"ಹೇಳಿದೆ. ಪಾಸಾದ ದಿನ ಹೇಳಿದೆ."

"ಏನಂದ್ರು?"

"ನಕ್ಕರು. 'ನೀ ಕೇಳಿರದಿದ್ರೂ, ಯಾರರ ಒಬ್ರು ಕೇಳಬೇಕಾಗಿತ್ತಲ್ಲೋ' ಅಂದ್ರು."

ಗಾಳಿ ಎದ್ದು ಶಾಮಿಯಾನದ ಒಂದು ಮೂಲೆ ಬಡಿದುಕೊಳ್ಳತೊಡಗಿತು. ಅವನು ಕಣ್ಣೊರೆಸಿಕೊಂಡು ಆ ಕಡೆ ಓಡಿದ.